ಅಳತೆಯ ವಾರ

ದಾನೇಶ್ವರಿಗೆ ಅಣ್ಣನ ಮೇಲೆ ಕರುಣೆ ಇರಲಿಲ್ಲ.

ಮೊದಲು ಇತ್ತು. ಸೊಂಟ ಹಿಡಿದು ಅವನು ಗೋಡೆಯ ಆಸರೆಯಲ್ಲಿ ನಡೆಯುತ್ತಿದ್ದಾಗ ಇತ್ತು. ನೋವಿನ ಗುಳಿಗೆ ಸಿಗದ ದಿನ ಜ್ವರ ಬಂದವನಂತೆ ನಡುಗುತ್ತ ಕೌದಿಯೊಳಗೆ ಮುದುಡಿಕೊಂಡಿದ್ದಾಗಲೂ ಇತ್ತು. ಆಮೇಲೆ ಒಂದು ಮಧ್ಯಾಹ್ನ ಅಡಿವೆಪ್ಪ ತನ್ನ ಐದು ವರ್ಷದ ಮಗಳು ಭಾಗಿಯನ್ನು ಗೋಕಾಕದ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರಿಸಿ, 'ಇಲ್ಲೇ ಕೂಡು, ಬಂದೆ' ಎಂದು ಹೇಳಿ ಗುಳಿಗೆ ಹುಡುಕಿಕೊಂಡು ಹೋದ. ನಾಲ್ಕು ತಾಸು ಬರಲಿಲ್ಲ. ಮಗು ಅಲ್ಲಿಂದ ಏಳಲಿಲ್ಲ. ಕೂಡು ಎಂದು ಅಪ್ಪ ಹೇಳಿದ್ದನಲ್ಲ. ಕೂತಲ್ಲೇ ಉಚ್ಚೆ ಮಾಡಿಕೊಂಡು, ಒದ್ದೆ ಫ್ರಾಕಿನಲ್ಲಿ ಬಸ್ಸುಗಳ ಬೋರ್ಡಿನ ಅಕ್ಷರ ಕೂಡಿಸುತ್ತಿದ್ದವಳನ್ನು ನಿಲ್ದಾಣದ ಕಂಟ್ರೋಲರ್ ಗುರುತು ಹಿಡಿದು ಮನೆ ಮುಟ್ಟಿಸಿದರು. ಮರುದಿನ ಅಡಿವೆಪ್ಪನ ಹೆಂಡತಿ ಸರೋಜಾ ಮಗಳನ್ನು ಕರೆದುಕೊಂಡು ಮೂಡಲಗಿಯ ತವರಿಗೆ ಹೋದಳು. ಆ ದಿನದಿಂದ ದಾನೇಶ್ವರಿಯ ಪಾಲಿಗೆ ಅಣ್ಣ ಒಂದು ಕೆಲಸ. ಮಾಡಿ ಮುಗಿಸಬೇಕಾದ ಕೆಲಸ.

ಅಡಿವೆಪ್ಪ ಕರದಂಟಿನ ಅಂಗಡಿಯಲ್ಲಿ ಪಾಕದವನು. ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಇವನ್ನೆಲ್ಲ ಯಾರು ಬೇಕಾದರೂ ಹೆಚ್ಚಿ ಹಾಕಬಹುದು. ಬೆಲ್ಲದ ಪಾಕವನ್ನು ಒಲೆಯಿಂದ ಯಾವಾಗ ಇಳಿಸಬೇಕು ಎನ್ನುವುದು ಮಾತ್ರ ಎಲ್ಲರಿಗೂ ತಿಳಿಯುವುದಿಲ್ಲ. ಮುಂಚೆ ಇಳಿಸಿದರೆ ತುಂಡು ಕೈಗೆ ಮೆತ್ತುತ್ತದೆ, ತಡವಾದರೆ ಹಲ್ಲು ಕೀಳುತ್ತದೆ. ಉಳಿದವರು ನೀರಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದರು. ಅಡಿವೆಪ್ಪ ನೋಡುತ್ತಿರಲಿಲ್ಲ.

"ನಿನಗ ಹೆಂಗ ತಿಳೀತೈತಲೇ?" ಎಂದು ಅಂಗಡಿಯ ಮಾಲೀಕ ಚನಮಲ್ಲಪ್ಪ ಕೇಳಿದರೆ, "ಎದ್ಯಾಗ ಒಂದ ಸಣ್ಣ ಖುಷಿ ಆಗತೈತ್ರಿ. ಆಗ ಇಳಸ್ತೀನಿ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು.

ಆ ಪಾಕದ ಕಡಾಯಿ ಇಳಿಸುವಾಗಲೇ ಸೊಂಟ ಹಿಡಿಯಿತು. ನೋವಿನ ಗುಳಿಗೆ ಕೊಟ್ಟರು. ನೋವು ಮೂರು ತಿಂಗಳಲ್ಲಿ ಹೋಯಿತು, ಗುಳಿಗೆ ಹೋಗಲಿಲ್ಲ.

ದಾನೇಶ್ವರಿ ಕೆಲಸ ಮಾಡುತ್ತಿದ್ದದ್ದು ಬೆಳಗಾವಿಯ ಹೊರವಲಯದ ಚಟ ಬಿಡಿಸುವ ಕೇಂದ್ರದಲ್ಲಿ. ಅವಳು ಅಲ್ಲಿ ತಂತ್ರಜ್ಞೆ, ಪರದೆಯ ಮೇಲಿನ ಗೆರೆ ಓದುವವಳು. ಸಂಬಂಧಿಕರನ್ನು ಸೇರಿಸಬಾರದು ಎಂಬ ನಿಯಮವಿತ್ತು. ಅಣ್ಣನ ಹೆಸರನ್ನು ಅವಳೇ ಪಟ್ಟಿಯಲ್ಲಿ ಸೇರಿಸಿದಳು. ಯಾರೂ ಕೇಳಲಿಲ್ಲ.

ಒಂದು ತಿಂಗಳು ಅಡಿವೆಪ್ಪನನ್ನು ಒಳಗಿಟ್ಟುಕೊಂಡು ಗುಳಿಗೆ ಬಿಡಿಸಿ, ಮನೆಗೆ ಕಳಿಸುವ ದಿನ ಡಾಕ್ಟರ್ ಅಂಕಲಗಿ ಅವನ ತಾಯಿ ಬಾಳವ್ವನನ್ನು ಎದುರು ಕೂರಿಸಿಕೊಂಡು ವಿವರಿಸಿದರು. ಡಾಕ್ಟರು ಐವತ್ತರ ಹೆಂಗಸು. ಎದುರಿಗಿದ್ದವರ ಭಾಷೆಯಲ್ಲೇ ಮಾತಾಡುವವರು.

"ನೋಡ್ರಿ ಬಾಳವ್ವ, ತಲಿಯೊಳಗ ಒಂದ ಜಾಗಾ ಐತಿ. ಅದರ ಕೆಲಸ ಇಷ್ಟ. ಅಂದ್ಕೊಂಡದ್ದಕ್ಕಿಂತ ಚಲೋ ಏನರೆ ಆದ್ರ, 'ಹೌದು, ಇದನ್ನ ಮತ್ತ ಮಾಡು' ಅಂತ ಕೂಗತೈತಿ. ಬಿಸಿ ರೊಟ್ಟಿ ಸಿಕ್ಕರ ಒಂದ ಕೂಗು, ಮಗಳು ಓಡಿ ಬಂದ್ರ ಒಂದ ಕೂಗು. ಈ ಗುಳಿಗಿ ನುಂಗಿದ್ರ, ಮೈಕ್ ಹಚ್ಚಿ ಕೂಗಿದಂಗ."

"ಹಂಗಾರ ಮಗ್ಗಲ ಮನಿಯವರಿಗೆ ನಿದ್ದಿ ಇಲ್ಲ," ಎಂದಳು ಬಾಳವ್ವ.

"ಇಲ್ಲ. ಅದಕ್ಕ ಮೆದುಳು ಕಿವಿ ಮುಚ್ಕೋತೈತಿ. ಕಿವಿ ಮುಚ್ಚಿದ ಮ್ಯಾಲ ಸಣ್ಣ ಕೂಗು ಕೇಳಸೂದಿಲ್ಲ. ರೊಟ್ಟಿನೂ ಇಲ್ಲ, ಮಗಳೂ ಇಲ್ಲ. ಮೈಕ್ ಒಂದ ಕೇಳಸತೈತಿ. ಅದಕ್ಕ ಇವರು ಮೈಕಿನ ಹಿಂದ ಹೋಗ್ತಾರ."

ಆ ಕೂಗಿಗೆ ದಾನೇಶ್ವರಿಯ ಕೋಣೆಯಲ್ಲಿ ಡೋಪಮೈನ್ ಎಂದು ಹೆಸರು. ಪರದೆಯ ಮೇಲೆ ಅದೊಂದು ಹಸಿರು ಗೆರೆ. ಕೇಂದ್ರದವರು ಕಂಡುಹಿಡಿದ ಯಂತ್ರ ಜೋಳದ ಕಾಳಿನಷ್ಟಿತ್ತು, ಎಲ್ಲರೂ ಅದನ್ನು ಕಾಳು ಎಂದೇ ಕರೆಯುತ್ತಿದ್ದರು. ಕಿವಿಯ ಹಿಂದಿನ ಎಲುಬಿನಲ್ಲಿ ಅದನ್ನು ಕೂರಿಸಿ, ಕೂದಲಿಗಿಂತ ಸಣ್ಣ ಎರಡು ತಂತಿಗಳನ್ನು ಮೆದುಳಿನ ಆಳಕ್ಕೆ ಇಳಿಸುತ್ತಿದ್ದರು. ಅಡಿವೆಪ್ಪನಿಗೂ ಕೂರಿಸಿಯಾಗಿತ್ತು. ಕಾಳು ಆ ಕೂಗನ್ನು ಕೇಳಿಸಿಕೊಳ್ಳುತ್ತದೆ. ಕೂಗು ಮಿತಿ ದಾಟಿದರೆ ಅದುಮುತ್ತದೆ. ಆಮೇಲೆ ಗುಳಿಗೆ ನುಂಗಿದರೂ ನೀರು ಕುಡಿದಷ್ಟೇ.

ಮಿತಿ ಎಷ್ಟು? ಒಬ್ಬೊಬ್ಬರದು ಒಂದೊಂದು. ಅದನ್ನು ತಿಳಿಯಲಿಕ್ಕೆ ಅಳತೆಯ ವಾರ. ಕಾಳು ಕೂರಿಸಿದ ರೋಗಿಯನ್ನು ಏಳು ದಿನ ಮನೆಗೆ ಕಳಿಸುತ್ತಿದ್ದರು. ಆ ಏಳು ದಿನ ಕಾಳು ಏನನ್ನೂ ಅದುಮುವುದಿಲ್ಲ, ಬರೀ ಆಲಿಸುತ್ತದೆ. ಆ ವಾರದ ಎಲ್ಲಕ್ಕಿಂತ ದೊಡ್ಡ ಸುಖ ಯಾವುದೋ ಅದೇ ಮಿತಿ. ಅದಕ್ಕಿಂತ ಮೇಲಿನದೆಲ್ಲ ಕಾಳಿನ ಲೆಕ್ಕದಲ್ಲಿ ಗುಳಿಗೆ. ಎಂಟನೆಯ ದಿನ ಬೀಗ. ಬೀಗ ಬಿದ್ದರೆ ಮೂರು ವರ್ಷ ಯಾರೂ ಮುಟ್ಟುವಂತಿಲ್ಲ. ಮೊದಲ ತಂಡದ ರೋಗಿಗಳು ತಂತ್ರಜ್ಞರ ಕಾಲು ಹಿಡಿದು ಮಿತಿ ಏರಿಸಿಕೊಂಡಿದ್ದರು, ಅವರಲ್ಲಿ ಇಬ್ಬರು ಗುಳಿಗೆ ನುಂಗಿ ಸತ್ತಿದ್ದರು. ಹಾಗಾಗಿ ಬೀಗದ ಕೈ ಈಗ ದಿಲ್ಲಿಯ ಮಂಡಳಿಯೊಂದರ ಬಳಿ ಇತ್ತು.

ಡಾಕ್ಟರು ಒಂದು ಹಾಳೆ ಕೊಟ್ಟರು. ಅದರಲ್ಲಿ ಮೂವತ್ತು ಚೌಕ, ಒಂದೊಂದರಲ್ಲೂ ಒಂದು ಚಿತ್ರ. ಇಷ್ಟದ ಊಟ, ಮಗು, ಹಾಡು, ಗೆಳೆಯರು, ಹೆಂಡತಿ, ಕೈಕೆಲಸ, ತಿರುಗಾಟ. ಒಂದೊಂದನ್ನೂ ವಾರದಲ್ಲಿ ಒಮ್ಮೆಯಾದರೂ ಮಾಡಿಸಿ ಟಿಕ್ ಹಾಕಬೇಕು.

"ಅಂದ್ರ ಏಳ ದಿನ ಇವನ್ನ ಮದಲಿಂಗನಂಗ ನೋಡ್ಕೋಬೇಕು," ಎಂದಳು ಬಾಳವ್ವ.

"ಹೌದ್ರಿ. ಉಣಸ್ರಿ, ನಗಸ್ರಿ. ಹಬ್ಬ ಮಾಡ್ರಿ."

"ಮಗಳನ್ನ ಬಸ್ ಸ್ಟ್ಯಾಂಡಿನ್ಯಾಗ ಒಗದ ಬಂದವಗ ಹಬ್ಬ."

ಅಡಿವೆಪ್ಪ ತನ್ನ ಚಪ್ಪಲಿ ನೋಡುತ್ತ ಕೂತಿದ್ದ. ದಾನೇಶ್ವರಿ ಅವ್ವನ ಮಾತಿಗೆ ಎದುರಾಡಲಿಲ್ಲ. ತಾನು ಹೇಳಬೇಕೆಂದಿದ್ದದ್ದನ್ನೇ ಅವ್ವ ಹೇಳಿದ್ದಳು.

ಮೂರನೆಯ ದಿನ ದಾನೇಶ್ವರಿ ಊಟದ ಬಿಡುವಿನಲ್ಲಿ ಮನೆಗೆ ಫೋನು ಮಾಡಿದಳು.

"ಯವ್ವಾ, ಹೋಳಿಗಿ ಮಾಡಿದೆನು?"

"ಬೆಲ್ಲ ಬಿಟ್ಟೀನಿ."

"ನೀ ಬಿಡವಾ. ಅವಗ್ಯಾಕ?"

"ಮನಿ ಅಂದ ಮ್ಯಾಲ ಒಲಿ ಒಂದ. ಇವ ನೆಟ್ಟಗ ಆಗಲಿ ಅಂತ ಗುಡ್ಯಾಗ ಲಕ್ಕವ್ವನ ಮುಂದ ನಿಂತು ಹೇಳೀನಿ, ನಲವತ್ತೊಂದ ದಿನ ಈ ಹೊಚ್ಚಲ ದಾಟಿ ಬೆಲ್ಲ ಒಳಗ ಬರಂಗಿಲ್ಲ ಅಂತ. ಮೂವತ್ತಮೂರ ಆದವು. ಈಗ ಮುರೀಲಿ?"

"ಸರೋಜಾ, ಕೂಸು ಬಂದಾರೇನು?"

"ಈ ವಾರ ಬ್ಯಾಡಂದೀನಿ. ಮೊದಲ ಇವನ ಮಾರಿ ಮನಷ್ಯಾರ ಮಾರಿ ಆಗಲಿ."

"ಟಿವಿರೆ ಹಚ್ಚೀದಿ?"

"ಬಟ್ಟಿ ಮುಚ್ಚೀನಿ. ಹರಕಿ ಮನ್ಯಾಗ ಟಿವಿ ಏನವಾ. ಹಿರ್ಯಾರ ಸುದ್ದಿ ಹೇಳ್ಕೋತ ಕುಂದರಸ್ತೀನಿ, ನಿಮ್ಮಪ್ಪ ಹೆಂಗ ಇದ್ದ, ಇವ ಹೆಂಗ ಆದ ಅಂತ. ತಲಿ ತಗ್ಗಿಸಿ ಕೇಳ್ತಾನ."

"ಡಾಕ್ಟರ್ ಹಬ್ಬ ಮಾಡ್ರಿ ಅಂದಿದ್ರಲ್ಲವಾ."

"ಅವರಿಗೇನ, ಹೇಳ್ತಾರ. ಈ ಓಣ್ಯಾಗ ತಲಿ ಮ್ಯಾಲ ಸೆರಗ ಹೊತ್ತ ತಿರಗೂದು ನಾ."

"ಹಾಳಿ?"

"ತುಂಬೀನಿ. ಮೂವತ್ತೂ ಮನಿಗೆ ಟಿಕ್ ಹಾಕೀನಿ. ಒಂದ ಮನಿ ಖಾಲಿ ಬಿಟ್ರ ಕಾಗದ ತಿರಗಿ ಬರತೈತಿ. ರೇಶನ್ ಕಾರ್ಡಿಗೆ ಮೂರ ಸಲ ಓಡ್ಯಾಡೀನಿ. ಸರಕಾರದ ಹಾಳಿ ಹೆಂಗ ತುಂಬಬೇಕು ಅನ್ನೂದು ನನಗ ಹೇಳಿಕೊಡಬ್ಯಾಡ."

ಬೆಳಗಾವಿಯಿಂದ ಗೋಕಾಕಕ್ಕೆ ಎರಡು ತಾಸಿನ ದಾರಿ. ದಾನೇಶ್ವರಿಗೆ ನಾಲ್ಕು ದಿನದ ರಜೆ ಬಾಕಿ ಇತ್ತು. ಅವಳು ಕೇಳಲಿಲ್ಲ.

ಎಂಟನೆಯ ದಿನ ಬೆಳಗ್ಗೆ ಬಾಳವ್ವ ಮಗನನ್ನು ಕರೆತಂದಳು. ದಾನೇಶ್ವರಿ ಕಾಳಿನ ದಾಖಲೆಯನ್ನು ಪರದೆಗೆ ಇಳಿಸಿಕೊಂಡಳು. ಏಳು ದಿನದ ಹಸಿರು ಗೆರೆ ಎಡದಿಂದ ಬಲಕ್ಕೆ ಚಾಪೆಯಂತೆ ಮಲಗಿತ್ತು. ಗುಳಿಗೆ ಬಿಟ್ಟು ತಿಂಗಳಾದವನ ವಾರ ಸಾಧಾರಣ ಮೂವತ್ತು ಮುಟ್ಟುತ್ತದೆ. ಅಡಿವೆಪ್ಪನದು ಹನ್ನೊಂದು. ಅದೂ ಒಂದೇ ಸಲ, ಐದನೆಯ ದಿನ ಬೆಳಗ್ಗೆ ಆರೂವರೆಗೆ.

"ಅವತ್ತ ಮುಂಜಾನೆ ಏನಾತು?" ಎಂದು ಅವಳು ಕೇಳಿದಳು.

ಅಡಿವೆಪ್ಪ ನೆನಪು ಮಾಡಿಕೊಂಡು ಹೇಳಿದ, "ಅವ್ವ ಬಚ್ಚಲದಾಗ ನೀರ ಕಾಸಿಟ್ಟಿದ್ಲು. ಭಾಳ ಚಲೋ ಇದ್ದವು, ಬಿಸಿ ಇದ್ದವು."

"ಹೋಳಿಗಿ ಉಂಡಿ? ಕೂಸಿನ ಜೋಡಿ ಆಡಿದಿ?"

ಅವನು ಅವ್ವನ ಕಡೆ ನೋಡಿದ. ಬಾಳವ್ವ ತುಂಬಿದ ಹಾಳೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು.

"ಹ್ಞೂಂ," ಎಂದ.

ಇಪ್ಪತ್ತೈದರ ಕೆಳಗೆ ಬಂದರೆ ಅಳತೆ ರದ್ದು. ರದ್ದಾದವನು ಸರದಿಯ ಕೊನೆಗೆ ಹೋಗುತ್ತಾನೆ, ಎಂಟು ತಿಂಗಳು. ಇದಕ್ಕೆ ಒಂದೇ ವಿನಾಯಿತಿ: ಮೂವತ್ತು ಚೌಕವೂ ತುಂಬಿದ್ದು, 'ರೋಗಿಯ ಸ್ವಭಾವವೇ ಇಷ್ಟು' ಎಂದು ತಂತ್ರಜ್ಞೆ ಸಹಿ ಮಾಡಿದರೆ ಸಾಕು. ಸ್ವಭಾವ ಇಷ್ಟಲ್ಲ ಎಂದು ದಾನೇಶ್ವರಿಗೆ ಗೊತ್ತಿತ್ತು. ಮಗಳು ಹುಟ್ಟಿದ ದಿನ ಇದೇ ಮನುಷ್ಯ ಇಡೀ ಓಣಿಗೆ ಬಿಸಿ ಕರದಂಟು ಹಂಚಿ, ಮಾಲೀಕನ ಕೈಲಿ ಬೈಸಿಕೊಂಡೂ ನಗುತ್ತಿದ್ದ.

ಎಂಟು ತಿಂಗಳು ಇವನನ್ನು ಹೊರಗೆ ಬಿಟ್ಟರೆ ಸಾಯುತ್ತಾನೆ ಎಂದುಕೊಂಡಳು. ಅದು ನಿಜವಾದ ಕಾರಣ. ಇನ್ನೊಂದು ಕಾರಣವೂ ಇತ್ತು, ಅದೂ ನಿಜ. ಬಿಗಿಯಾಗೇ ಇರಲಿ. ನಾಲ್ಕು ತಾಸು ಬೆಂಚಿನ ಮೇಲೆ ಕೂತದ್ದು ಇವನಲ್ಲ.

ಸಹಿ ಮಾಡಿದಳು. ಬೀಗ ಬಿತ್ತು.

ಕಾಳು ಕೆಲಸ ಮಾಡಿತು. ಅದರ ಬಗ್ಗೆ ಯಾರೂ ತಕರಾರು ಹೇಳುವಂತಿರಲಿಲ್ಲ. ಎರಡನೆಯ ವಾರ ಹಳೆಯ ಗೆಳೆಯನೊಬ್ಬ ಬಂದು ಗುಳಿಗೆಯ ಪಟ್ಟಿಯನ್ನೇ ಅಂಗೈಗೆ ಇಟ್ಟಾಗ ಅಡಿವೆಪ್ಪ ಅದನ್ನು ಹಿಂದುಮುಂದು ತಿರುಗಿಸಿ ನೋಡಿ, "ಬ್ಯಾಡೋ" ಎಂದು ವಾಪಸು ಕೊಟ್ಟ. ಗೆಳೆಯ ಹೆದರಿ ಹೋದ. ಸರೋಜಾ ಮಗಳನ್ನು ಕರೆದುಕೊಂಡು ಮರಳಿ ಬಂದಳು. ಕೇಂದ್ರದವರು ಅಡಿವೆಪ್ಪನ ಫೋಟೋ ತೆಗೆದು ವರದಿಯ ಹೊದಿಕೆಗೆ ಹಾಕಿದರು. ಫೋಟೋದವನು ಮೂರು ಸಲ "ಸ್ವಲ್ಪ ನಗ್ರಿ" ಎಂದ, ಆಮೇಲೆ ಬಿಟ್ಟ.

ಬಾಳವ್ವನ ಹರಕೆ ಮುಗಿದದ್ದು ಬೀಗ ಬಿದ್ದ ಮೂರನೆಯ ದಿನ. ಅವಳು ಸ್ನಾನ ಮಾಡಿ, ಒಲೆ ಸಾರಿಸಿ, ನಲವತ್ತೊಂದು ದಿನದ ಆಸೆಯನ್ನೆಲ್ಲ ಸೇರಿಸಿ ಹೋಳಿಗೆ ಮಾಡಿದಳು. ಅಡಿವೆಪ್ಪ ಎರಡು ತಿಂದ.

"ಹೆಂಗ ಆಗ್ಯಾವ?"

"ಆಗ್ಯಾವ."

ಬೆಲ್ಲ ಕಡಿಮೆಯಾಗಿರಬೇಕು ಎಂದು ಬಾಳವ್ವ ತಾನೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನೋಡಿದಳು. ಕಡಿಮೆಯಾಗಿರಲಿಲ್ಲ.

ಚನಮಲ್ಲಪ್ಪ ಒಳ್ಳೆಯವನು. ಅಡಿವೆಪ್ಪನನ್ನು ಮತ್ತೆ ಪಾಕದ ಮುಂದೆ ನಿಲ್ಲಿಸಿದ. ಮೊದಲ ಕಡಾಯಿ ಅಂಟಾಗಿ ತಟ್ಟೆ ಬಿಡಲಿಲ್ಲ. ಎರಡನೆಯದನ್ನು ಒಡೆಯಲು ಸುತ್ತಿಗೆ ಬೇಕಾಯಿತು.

"ಏನಲೇ ಅಡಿವೆಪ್ಪ, ಇದನ್ನ ಗಿರಾಕಿ ತಿನಬೇಕೋ, ಗ್ವಾಡಿ ಕಟ್ಟಬೇಕೋ?"

"ಗೊತ್ತಾಗವಲ್ದರಿ."

"ಗೊತ್ತಾಗದಿದ್ರ ನೀರಿಗೆ ಹನಿ ಬಿಟ್ಟ ನೋಡಪಾ. ಉಳದಾವ್ರು ನೋಡೂದಿಲ್ಲೇನು? ನಿನಗೇನ ಕೋಡ ಅದಾವು?"

ಅಡಿವೆಪ್ಪ ನೀರಿಗೆ ಹನಿ ಬಿಟ್ಟ. ಉಂಡೆ ಕಟ್ಟಿದ. ಉಂಡೆಯನ್ನು ಬೆರಳಲ್ಲಿ ಹಿಡಿದುಕೊಂಡು ಏನನ್ನೋ ಕಾಯುತ್ತ ನಿಂತ. ಅವನು ನಿಂತೇ ಇದ್ದಾಗ ಹಿಂದೆ ಮೂರನೆಯ ಕಡಾಯಿ ಹೊತ್ತಿತು. ಮರುದಿನದಿಂದ ಅವನನ್ನು ಡಬ್ಬಿ ತುಂಬುವ ಕೆಲಸಕ್ಕೆ ಹಾಕಿದರು. ಅರ್ಧ ಕಿಲೋ ಅಂದರೆ ಅರ್ಧ ಕಿಲೋ ತುಂಬುತ್ತಿದ್ದ, ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಬಾಯಿಗೂ ಇಲ್ಲ.

ಮೂರನೆಯ ತಿಂಗಳ ಒಂದು ಭಾನುವಾರ ದಾನೇಶ್ವರಿ ಊರಿಗೆ ಹೋದಳು. ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಭಾಗಿ ಒಂದು ಕಾಲಲ್ಲಿ ಕುಣಿಯುತ್ತ ಅವನಿಗೊಂದು ಕತೆ ಹೇಳುತ್ತಿದ್ದಳು. ಶಾಲೆಯ ಗಂಟೆ ಬಾರಿಸುವ ಮುದುಕ ನಿದ್ದೆ ಹೋಗಿ, ಎದ್ದವನು ಒಂದು ತಾಸು ಮೊದಲೇ ಗಂಟೆ ಹೊಡೆದು, ಮಾಸ್ತರರೂ ಚೀಲ ಎತ್ತಿಕೊಂಡು ಓಡಿದ ಕತೆ. ಒಳಗಿದ್ದ ಸರೋಜಾ ನಕ್ಕಳು, ದಾನೇಶ್ವರಿಯೂ ನಕ್ಕಳು. ಅಡಿವೆಪ್ಪ ಪೂರ್ತಿ ಕೇಳಿ, "ಆಮ್ಯಾಲ?" ಎಂದ.

"ಆಮ್ಯಾಲ ಏನೂ ಇಲ್ಲಪ್ಪಾ. ಅಷ್ಟ," ಎಂದಳು ಭಾಗಿ. ಅವಳ ಕುಣಿತ ನಿಂತಿತು.

ಮಗು ಒಳಗೆ ಹೋದ ಮೇಲೆ ದಾನೇಶ್ವರಿ ಅವನ ಪಕ್ಕ ಕೂತಳು.

"ಅಣ್ಣಾ, ತ್ರಾಸ ಆಗತೈತೇನು?"

"ಇಲ್ಲ. ತ್ರಾಸೂ ಆಗೂದಿಲ್ಲ."

"ಮತ್ತ?"

"ಮೊದಲ ಗುಳಿಗಿ ಇಲ್ಲಂದ್ರ ಸಾಯ್ತಿದ್ದೆ ತಂಗಿ. ಈಗ ಏನ ಇಲ್ಲಂದ್ರೂ ನಡೀತೈತಿ."

ಸೋಮವಾರ ಅವಳು ಅಣ್ಣನ ಕಡತ ತೆರೆದಳು. ಸ್ವಂತ ಸಂಬಂಧಿಕರ ಕಡತ ತೆರೆಯಬಾರದು ಎಂಬ ನಿಯಮವೂ ಇತ್ತು, ಆದರೆ ಅವಳು ಮುರಿದ ನಿಯಮಗಳಲ್ಲಿ ಇದು ಮೊದಲನೆಯದೇನಲ್ಲ. ಕಾಳು ಯಾವಾಗ ಅದುಮಿತೋ ಆ ಗಳಿಗೆಯನ್ನು ಬರೆದಿಡುತ್ತದೆ. ಮೊದಲ ತಿಂಗಳು ನಾನೂರ ಹನ್ನೊಂದು ಸಲ. ಎರಡನೆಯ ತಿಂಗಳು ಇನ್ನೂರ ಅರವತ್ತೆಂಟು. ಗುಳಿಗೆ ನುಂಗಿದರೆ ಗೆರೆ ನೂರೈವತ್ತಕ್ಕೆ ಜಿಗಿಯುತ್ತದೆ. ಅಂಥದ್ದು ಒಂದೂ ಇರಲಿಲ್ಲ. ಎಲ್ಲವೂ ಹನ್ನೆರಡು, ಹದಿನೆಂಟು, ಮೂವತ್ತು. ಬೆಳಗಿನ ಎಂಟು, ಎಂಟೂಕಾಲು: ಅಂಗಡಿಯಲ್ಲಿ ಬೆಲ್ಲ ಕರಗುವ ಹೊತ್ತು. ದಿನವೂ ಸಂಜೆ ನಾಲ್ಕೂ ನಲವತ್ತು.

ನಾಲ್ಕೂ ನಲವತ್ತಕ್ಕೆ ಏನಿದೆ ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಭಾಗಿಯ ಶಾಲೆ ಬಿಡುವುದು ನಾಲ್ಕೂವರೆಗೆ. ಮನೆ ಹತ್ತು ನಿಮಿಷ.

ಅವಳು ದಾಖಲೆಯನ್ನು ಕಾಗದಕ್ಕೆ ಇಳಿಸಿಕೊಂಡು ಡಾಕ್ಟರ್ ಅಂಕಲಗಿಯವರ ಕೋಣೆಗೆ ಹೋದಳು. ಅವರು ಕನ್ನಡಕ ಏರಿಸಿ ಓದಿದರು.

"ಇವ ನಿನ್ನ ಅಣ್ಣ."

"ಹೌದ್ರಿ. ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ಮ್ಯಾಲಿನವರಿಗೆ ಐವತ್ತ ಮಂದಿ ತೋರಸಬೇಕಿತ್ತು, ನನ್ನ ಕಡೆ ನಲವತ್ತೊಂಬತ್ತ ಇದ್ರು."

"ಅಳತಿ ಸುಳ್ಳ ಐತ್ರಿ ಮೇಡಂ. ಅವ್ವ ಏನೂ ಮಾಡಿಲ್ಲ. ಬರೇ ಟಿಕ್ ಹಾಕ್ಯಾಳ."

"ಸಹಿ ನಿಂದ ಐತಿ."

"ಹೌದ್ರಿ."

"ಸುಳ್ಳ ಅಳತಿ ಅಂತ ನೀನ ಬರದ ಕೊಟ್ರ ಮಂಡಳಿ ಬೀಗ ತಗೀಬಹುದು. ನಿನ್ನ ಕೆಲಸ ಹೋಗತೈತಿ. ಮುಂದಿನ ತಿಂಗಳೋ ಎರಡ ತಿಂಗಳಿಗೋ ನಿನ್ನ ಕಾಯಂ ಆದೇಶ ಬರೂದೈತಿ." ಡಾಕ್ಟರು ಕಾಗದವನ್ನು ಮಡಚಿ ತಿರುಗಿ ಕೊಟ್ಟರು. "ಅವ ಗುಳಿಗಿ ನುಂಗಿಲ್ಲ. ನಮ್ಮ ಲೆಕ್ಕದಾಗ ಅವ ಆರಾಮ ಆದವ. ನೀ ಏನ ಮಾಡ್ತಿ ನೋಡು."

ದಾನೇಶ್ವರಿ ನೋಡಿದಳು. ಆದೇಶ ಬರುವವರೆಗೆ ಕಾದಳು. ಮೂರನೆಯ ತಿಂಗಳು ಕಾಳು ಅದುಮಿದ್ದು ನೂರ ಎಪ್ಪತ್ತೊಂದು ಸಲ. ನಾಲ್ಕನೆಯದರಲ್ಲಿ ನೂರ ನಾಲ್ಕು. ಇಳಿಯುತ್ತಿರುವುದು ಒಳ್ಳೆಯದೇ ಎಂದು ಮೊದಲು ಅಂದುಕೊಂಡಳು, ಕಾಳು ಸುಮ್ಮನಾಗುತ್ತಿದೆ ಎಂದು. ಕಾಳು ಸುಮ್ಮನಾಗುತ್ತಿರಲಿಲ್ಲ. ಒಂದು ಸಂಜೆ ಬಸ್ಸಿನಲ್ಲಿ ಕೂತಿದ್ದಾಗ ಅವಳಿಗೆ ಅದು ತಿಳಿಯಿತು. ಆ ಜಾಗ ಕೂಗುವುದು ಮುಂದೆ ಚಲೋದು ಬರುತ್ತದೆಂಬ ನಂಬಿಕೆಯಿಂದ. ಕೂಗಿದಾಗಲೆಲ್ಲ ಬಾಯಿಗೆ ಕೈ ಬಿದ್ದರೆ ಒಂದು ದಿನ ಅದು ಕೂಗುವುದನ್ನೇ ಬಿಡುತ್ತದೆ. ಗುಳಿಗೆಯ ಆಸೆ ಬಿಡಿಸುವುದೂ ಇದೇ ದಾರಿಯಿಂದ. ಮಗಳ ಆಸೆ ಬೇರೆ, ಗುಳಿಗೆಯ ಆಸೆ ಬೇರೆ ಎಂದು ಕಾಳಿಗೆ ಹೇಳಿಕೊಡಲು ಏಳು ದಿನ ಕೊಟ್ಟಿದ್ದರು. ಆ ಏಳು ದಿನದಲ್ಲಿ ಅದಕ್ಕೆ ಸಿಕ್ಕ ಪಾಠ ಒಂದು ಹಂಡೆ ಬಿಸಿನೀರು.

ಐದನೆಯ ತಿಂಗಳು ಅರವತ್ತಮೂರು. ಆ ತಿಂಗಳ ಕೊನೆಗೆ ಕಾಯಂ ಆದೇಶ ಬಂತು. ಹದಿನೇಳು ದಿನ ಕಾಯಂ ಆಗಿದ್ದು, ಹದಿನೆಂಟನೆಯ ದಿನ ಅವಳು ಮಂಡಳಿಗೆ ಬರೆದು ಕೊಟ್ಟಳು. ಆ ದಿನವೇ ಅಮಾನತಾಯಿತು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದಳು. ಬಾಳವ್ವ ಜೋಳ ಹಸನು ಮಾಡುತ್ತ ಕೂತಿದ್ದವಳು ಮೊರ ಕೆಳಗಿಡಲಿಲ್ಲ.

"ಟಿಕ್ ಹಾಕಿದ್ದು ನಾ," ಎಂದಳು. "ಸಹಿ ಮಾಡಿದ್ದು ನೀ." ಆಮೇಲೆ ಕಲ್ಲು ಆರಿಸತೊಡಗಿದಳು.

ಮಂಡಳಿ ಎಂಟು ತಿಂಗಳು ತೆಗೆದುಕೊಂಡಿತು. ಎರಡು ಸಲ ಕಾಗದ ತಿರುಗಿ ಬಂತು, ಎರಡೂ ಸಲ ಯಾವುದೋ ಒಂದು ಚೌಕ ಖಾಲಿ ಇತ್ತು.

ಆ ಎಂಟು ತಿಂಗಳಲ್ಲಿ ದಾನೇಶ್ವರಿ ಮನೆಯಲ್ಲೇ ಇದ್ದಳು. ಯಾವ ಹೊತ್ತಿಗೆ ಯಾರು ಅಣ್ಣನ ಹತ್ತಿರ ಬಂದರು, ಏನು ತಿಂದ, ಏನು ನೋಡಿದ ಎಂದು ಸರೋಜಾಳ ಜೊತೆ ಕೂತು ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಳು. ಹಿಂದಿನ ತಿಂಗಳುಗಳದ್ದನ್ನೂ ಇಬ್ಬರೂ ನೆನಪಿದ್ದಷ್ಟು ಕೆದಕಿ ಬರೆದರು. ಡಾಕ್ಟರು ಪ್ರತಿ ತಿಂಗಳೂ ಕಾಳಿನ ದಾಖಲೆ ಕಳಿಸುತ್ತಿದ್ದರು. ನಿಯಮದಂತೆ ಅದನ್ನೂ ಕಳಿಸಬಾರದಿತ್ತು. ಆರನೆಯ ತಿಂಗಳು ಮೂವತ್ತೆಂಟು, ಆಮೇಲೆ ಹತ್ತೊಂಬತ್ತು, ಆಮೇಲೆ ಎಂಟು.

ಅಡಿವೆಪ್ಪ ಪ್ರಯತ್ನ ಮಾಡದೆ ಇರಲಿಲ್ಲ. ಅವನು ಕೆಟ್ಟವನಾಗಿರಲಿಲ್ಲ, ಈಗಂತೂ ಮನೆಯಲ್ಲಿ ಅವನಷ್ಟು ಸರಿಯಾದ ಮನುಷ್ಯ ಇನ್ನೊಬ್ಬ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಹೋಂವರ್ಕು ನೋಡುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಬಚ್ಚಲ ಕನ್ನಡಿಯ ಮುಂದೆ ನಿಂತು ತುಟಿ ಎಳೆದು ಅಭ್ಯಾಸ ಮಾಡುವುದನ್ನು ಸರೋಜಾ ನೋಡಿದ್ದಳು. ಒಂದು ಸಂಜೆ ಭಾಗಿ ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೆ ಅವನು ಹಲ್ಲು ತೋರಿಸಿ ನಕ್ಕ. ಭಾಗಿ ಚೀಲ ಇಳಿಸಿ ಅವನನ್ನು ಸ್ವಲ್ಪ ಹೊತ್ತು ನೋಡಿದಳು.

"ಅಪ್ಪಾ, ನೀ ಹಂಗ ಮಾಡಬ್ಯಾಡ. ನನಗ ಅಂಜಿಕಿ ಬರತೈತಿ."

"ಹ್ಞೂಂ," ಎಂದು ಅವನು ನಗು ತೆಗೆದ.

ಆ ಮೇಲೆ ಅವಳು ಶಾಲೆ ಬಿಟ್ಟ ಕೂಡಲೆ ಮನೆಗೆ ಬರುವುದನ್ನು ಬಿಟ್ಟಳು. ಎದುರು ಮನೆಯಲ್ಲಿ ಆಡಿಕೊಂಡು ಆರಕ್ಕೆ ಬರುತ್ತಿದ್ದಳು. ಒಂಬತ್ತನೆಯ ತಿಂಗಳು ಕಾಳು ಅದುಮಿದ್ದು ಮೂರು ಸಲ, ಹತ್ತನೆಯ ತಿಂಗಳು ಒಂದು ಸಲ. ಹನ್ನೊಂದು, ಹನ್ನೆರಡು, ಹದಿಮೂರನೆಯ ತಿಂಗಳ ದಾಖಲೆಯಲ್ಲಿ ಖಾಲಿ ಹಾಳೆ ಬಂತು.

ಹದಿನಾಲ್ಕನೆಯ ತಿಂಗಳಲ್ಲಿ ಆದೇಶ ಬಂತು: ಬೀಗ ತೆಗೆದು ಇನ್ನೊಂದು ಅಳತೆಯ ವಾರ ಮಾಡಬಹುದು, ಈ ಸಲ ಮಿತಿಯನ್ನು ಡಾಕ್ಟರೇ ಗೊತ್ತುಮಾಡಬಹುದು.

ಈ ಸಲ ಬಾಳವ್ವ ಹಾಳೆಯನ್ನು ದೇವರ ಗೂಡಿನಲ್ಲಿಟ್ಟಳು. ಮಾಡುವವರೆಗೆ ಒಂದಕ್ಕೂ ಟಿಕ್ ಹಾಕಲಿಲ್ಲ. ಮೊದಲ ದಿನ ಹೋಳಿಗೆ. ಎರಡನೆಯ ದಿನ ಟಿವಿಯ ಬಟ್ಟೆ ತೆಗೆದು ಓಣಿಯ ಹೆಂಗಸರನ್ನೆಲ್ಲ ಕರೆದು ಕೂರಿಸಿದಳು. ಅವರು ಅಡಿವೆಪ್ಪನ ಬಾಲ್ಯದ ಕತೆಗಳನ್ನು ಹೇಳಿ ಕಣ್ಣೀರು ಬರುವಷ್ಟು ನಕ್ಕರು. ಮೂರನೆಯ ದಿನ ಚನಮಲ್ಲಪ್ಪ ಒಂದು ಕಡಾಯಿ ಬೆಲ್ಲವನ್ನು ಅಡಿವೆಪ್ಪನಿಗೇ ಬಿಟ್ಟುಕೊಟ್ಟು, "ಸುಟ್ಟರ ಸುಡಲಿ, ನಿನ್ನ ಕೈಯಿಂದ ಸುಡಲಿ" ಎಂದ. ಸುಟ್ಟಿತು. ನಾಲ್ಕನೆಯ ದಿನ ಎಲ್ಲರೂ ಗೋಕಾಕ ಫಾಲ್ಸಿಗೆ ಹೋಗಿ ತೂಗುಸೇತುವೆಯ ಮೇಲೆ ನಿಂತರು. ಭಾಗಿಗೆ ಸರೋಜಾ ಏನೋ ಹೇಳಿ ಒಪ್ಪಿಸಿರಬೇಕು, ಅವಳು ಶಾಲೆಯಿದ್ದ ಐದೂ ದಿನ ನಾಲ್ಕೂ ನಲವತ್ತಕ್ಕೆ ಓಡಿ ಬಂದು ಅಪ್ಪನ ಬೆನ್ನಿಗೆ ಬಿದ್ದಳು. ಅವನು ಬೀಳದಂತೆ ಹಿಡಿದುಕೊಂಡ. ಆರನೆಯ ದಿನ ಆಟ, ಹಾಡು. ಏಳನೆಯ ದಿನ ಬಾಳವ್ವ ಮೂವತ್ತನೆಯ ಟಿಕ್ ಹಾಕಿದಳು.

ಎಂಟನೆಯ ದಿನ ಕೇಂದ್ರದಲ್ಲಿ ದಾನೇಶ್ವರಿ ಮನೆಯವರ ಬೆಂಚಿನ ಮೇಲೆ ಕೂತಳು. ಅವಳ ಕುರ್ಚಿಯಲ್ಲಿ ಬೇರೊಬ್ಬಳಿದ್ದಳು. ಆದರೆ ಪರದೆ ಅಲ್ಲಿಂದಲೂ ಕಾಣುತ್ತಿತ್ತು.

ಹೋಳಿಗೆಯ ಹೊತ್ತಿಗೆ ಗೆರೆ ಎರಡು. ಕಡಾಯಿಯ ಮುಂದೆ ಮೂರು. ಭಾಗಿಗೆ ನಾಲ್ಕು, ಮೂರು, ನಾಲ್ಕು, ಮೂರು, ಮೂರು. ಹೊಸ ತಂತ್ರಜ್ಞೆ ಅತಿ ದೊಡ್ಡ ಎತ್ತರವನ್ನು ಹುಡುಕಿ ಗುರುತು ಹಾಕಿದಳು.

"ಹನ್ನೊಂದು," ಎಂದಳು. "ಐದನೇ ದಿನ ಮುಂಜಾನೆ ಆರೂವರಿ. ಅವತ್ತ ಏನಾಗಿತ್ತು?"

ಅಡಿವೆಪ್ಪನೇ ಹೇಳಿದ.

"ಬಚ್ಚಲದಾಗ ಬಿಸಿನೀರ ಇದ್ದವು."

ಅದೊಂದನ್ನು ಕಾಳು ಯಾವತ್ತೂ ಮುಟ್ಟಿರಲಿಲ್ಲ. ಮಿತಿಯೊಳಗಿನ ಸುಖ ಅದೊಂದೇ ಆಗಿತ್ತು, ಹಾಗಾಗಿ ಅದೊಂದು ಬದುಕಿತ್ತು.

ಡಾಕ್ಟರ್ ಅಂಕಲಗಿ ಮಿತಿಯನ್ನು ಅರವತ್ತಕ್ಕೆ ಏರಿಸಿದರು. ಏರಿಸಿದ್ದರಿಂದ ಏನಾಗುತ್ತದೆ ಎಂದು ಬಾಳವ್ವ ಕೇಳಿದಳು. ಇನ್ನು ಮೇಲೆ ಕಾಳು ಗುಳಿಗೆಯೊಂದನ್ನು ಬಿಟ್ಟು ಯಾವುದನ್ನೂ ಅದುಮುವುದಿಲ್ಲ ಎಂದು ಡಾಕ್ಟರು ಹೇಳಿದರು. ಅದುಮುವುದಕ್ಕೆ ಏನೂ ಇಲ್ಲ ಎಂದು ಹೇಳಲಿಲ್ಲ. ಬಾಳವ್ವ ಸೆರಗಿನಲ್ಲಿ ಕಟ್ಟಿ ತಂದಿದ್ದ ಕರದಂಟಿನ ತುಂಡನ್ನು ಬಿಚ್ಚಿ ಮಗನ ಕೈಗಿಟ್ಟಳು. ಅವನು ತಿಂದ.

"ಚಲೋ ಐತಿ," ಎಂದ. ಅವ್ವನ ಸಲುವಾಗಿ ಹೇಳಿದ.

ಊರಿಗೆ ಮರಳುವ ಬಸ್ಸಿನಲ್ಲಿ ದಾನೇಶ್ವರಿ ನೋಟುಬುಕ್ಕು ತೆಗೆದು, ಕಾಳಿನ ದಾಖಲೆಯ ಎದುರಿಗಿಟ್ಟು, ಗಳಿಗೆಗೆ ಗಳಿಗೆ ಜೋಡಿಸಿ ಎಣಿಸಿದಳು. ಹದಿನಾಲ್ಕು ತಿಂಗಳಲ್ಲಿ ಕಾಳು ಅದುಮಿದ್ದು ಒಟ್ಟು ಸಾವಿರದ ಎಂಬತ್ತಾರು ಸಲ. ಗುಳಿಗೆ: ಒಂದೂ ಇಲ್ಲ. ಭಾಗಿ: ಆರುನೂರ ಹದಿನೆಂಟು. ಬೆಲ್ಲ ಮತ್ತು ಪಾಕ: ಇನ್ನೂರ ಮೂರು. ಏನೆಂದು ಗೊತ್ತಾಗದ್ದು: ನೂರ ಐವತ್ತಮೂರು. ಸರೋಜಾ: ತೊಂಬತ್ತೊಂದು. ಅವ್ವ: ಹತ್ತೊಂಬತ್ತು. ದಾನೇಶ್ವರಿ: ಎರಡು.